ವರ್ನನ ಜಲೇಂಧನಪ್ರಸಂಗದಲ್ಲಿ ಒಂದು ವಿಶೇಷಣ

ಫ್ರೆಂಚ್ ಕಾದಂಬರಿಕಾರನಾದ ಜೂಲ್ಸ್ ವರ್ನನು 1874-75ರಲ್ಲಿ ಪ್ರಕಟಿಸಿದ, ‘ನಿಗೂಢದ್ವೀಪ’ವೆಂಬರ್ಥದ ಹೆಸರುಳ್ಳ ಗ್ರಂಥದ ಎರಡನೆಯ ಭಾಗದಲ್ಲಿ ಒಂದು ಸಂವಾದವಿದೆ. ಕಲ್ಲಿದ್ದಲು ತೀರಿದ ಬಳಿಕ ಜನರು ಏನನ್ನು ಉರಿಸುವರೆಂಬುದು ಸಂಗಡಿಗರ ಪ್ರಶ್ನೆ. ವಿದ್ಯುತ್ತಿನಿಂದ ನೀರನ್ನು ಒಡೆದು ಪಡೆದ ಜಲಜನಕ ಆಮ್ಲಜನಕಗಳನ್ನು ಎಂಬುದು ಎಂಜಿನಿಯರ್ ಸೈರಸ್ ಸ್ಮಿತ್ತನ ಉತ್ತರ. ಜಲಜನಕೇಂಧನದ ಪ್ರಸ್ತಾಪ ಬಂದಲ್ಲಿ ಇದನ್ನು ಭವಿಷ್ಯದ್ವಾಣಿಯೆಂದು ಉದಾಹರಿಸುವುದು ವಾಡಿಕೆಯಾಗಿದೆ. ಆದರೆ ಉದಾಹರಿಸುವವರು ನೀರು ಉರುವಲಾಗುವುದೆಂಬಲ್ಲಿಗೇ ಸಾಮಾನ್ಯವಾಗಿ ನಿಲ್ಲುವರು. ಹಡಗಿನ ಇದ್ದಲುಕೋಣೆಗಳಲ್ಲಿಯೂ ರೈಲಿನ ಇದ್ದಲುಬಂಡಿಗಳಲ್ಲಿಯೂ ತುಂಬಬೇಕಾದ ಆ ಅನಿಲಗಳಿಗೆ ವರ್ನನು ‘ಅದುಮಿದ’ ಎಂಬ ವಿಶೇಷಣವನ್ನು ಕೊಟ್ಟಿರುವನೆಂಬುದು ಅವರ ಗಮನಕ್ಕೆ ಬಂದಂತಿಲ್ಲ.

ವಿಶೇಷಣವು ಬರಿಯ ಪಾದಪೂರಣವಾಗಿರದೆ ಒಂದು ಅಭಿಪ್ರಾಯವನ್ನು ಹೊತ್ತಿದ್ದರೆ ಆಲಂಕಾರಿಕರು ಅದನ್ನು ಪರಿಕರವೆನ್ನುವರು. ಇಲ್ಲಿಯ ಅಭಿಪ್ರಾಯವೇನು? ಜಲಜನಕವು ತೂಕಕ್ಕೆ ಸಂಪನ್ನ, ಗಾತ್ರಕ್ಕೆ ದರಿದ್ರ. ಒಂದು ಕಿಲೋಗ್ರಾಂ ಜಲಜನಕವು ಅಷ್ಟೇ ತೂಕದ ಪೆಟ್ರೋಲಿಗಿಂತ ಸುಮಾರು ಮೂರರಷ್ಟು ಶಾಖವನ್ನು ಕೊಡುವುದಾದರೂ, ಸಾಮಾನ್ಯ ವಾಯುಭಾರದಲ್ಲಿ ಸುಮಾರು 11 ಘನಮೀಟರು ಸ್ಥಳವನ್ನು ಬೇಡುವುದು. ವಾಯುಭಾರದ ಸುಮಾರು 700 ಮಡಿ ಒತ್ತಡಕ್ಕೆ ಅದುಮಿದರೆ 25 ಲೀಟರಿನಷ್ಟು ಪಾತ್ರೆ ಸಾಕು. ಇಂದಿನ ಜಲಜನಕದ ಕಾರುಗಳಲ್ಲಿ ಈ ಒತ್ತಡವೇ ರೂಢಿ. ಬಸ್ಸುಗಳಲ್ಲಿ ಸಾಮಾನ್ಯವಾಗಿ ಇದರ ಅರ್ಧ. ಕೊಳವೆಮಾರ್ಗದಲ್ಲಿಯೂ ಹೀಗೆಯೇ. ಸಮಾನ ಗಾತ್ರದ ನಿಸರ್ಗಾನಿಲದ ಮೂರರಲ್ಲೊಂದು ಪಾಲು ಶಾಖವೇ ಇದರಲ್ಲಿರುವುದರಿಂದ, ಅಷ್ಟೇ ಶಾಖವನ್ನು ಸಾಗಿಸಲು ಸಂಪೀಡಕಯಂತ್ರಗಳು ಮೂರರಷ್ಟು ಗಾತ್ರವನ್ನು ತಳ್ಳಬೇಕು. ಆ ಒಂದು ಪದವನ್ನು ಕಿತ್ತರೆ ವರ್ನನ ಹಡಗು ದಡವನ್ನು ಬಿಟ್ಟು ಹೊರಡದು.

ಈ ಅರ್ಥಕ್ಕೆ ಗ್ರಂಥದಲ್ಲಿಯೇ ಪೋಷಣೆಯಿದೆ. ಕಥೆ ಮೊದಲಾಗುವುದು 1865ರ ಬಿರುಗಾಳಿಗೆ ಸಿಕ್ಕಿ ಹರಿದ ಬಲೂನಿನಿಂದ. ಅನಿಲವು ಸೋರಿದಂತೆಲ್ಲ ಪ್ರಯಾಣಿಕರು ಆಹಾರ ಆಯುಧಗಳನ್ನು ಕಡಲಿಗೆಸೆದು, ಕಡೆಗೆ ತೊಟ್ಟಿಲನ್ನೇ ಕತ್ತರಿಸಿ, ಬಲೆಗೆ ಜೋತುಬೀಳುವರು. ಹಿಡಿತಕ್ಕೆ ನಿಲ್ಲದ ಅನಿಲದ ಗತಿಯನ್ನು ಅನುಭವಿಸಿದವರ ನಡುವೆಯೇ ಅದುಮಿದ ಅನಿಲದ ಮಾತು ಹುಟ್ಟುವುದು ಉಚಿತವಾಗಿದೆ.

ದೋಷವೂ ಇಲ್ಲದಿಲ್ಲ. ವಿಶೇಷಣವನ್ನಿಟ್ಟ ಗ್ರಂಥಕಾರನು ಅದರ ಬೆಲೆಯನ್ನು ಹೇಳಲಿಲ್ಲ. ಇದ್ದಲು ಕೋಣೆಯಲ್ಲಿ ತಾನಾಗಿಯೇ ಬಿದ್ದಿರುವುದು. ಜಲಜನಕವನ್ನಾದರೋ ಇರಿಸುವುದಕ್ಕೂ ಶಕ್ತಿಯನ್ನು ವ್ಯಯಿಸಬೇಕು. ಅದುಮಿದಾಗ ಅದು ಕಾಯುವುದರಿಂದ ಹಂತಹಂತವಾಗಿ ಅದುಮಿ ನಡುನಡುವೆ ತಣಿಸಬೇಕು. ಅದರ ಅಣುಗಳು ಅತಿಸೂಕ್ಷ್ಮವಾದುದರಿಂದ ಸಂದುಗಳಲ್ಲಿ ನುಸುಳುವುದು. ಕೆಲವು ಬಗೆಯ ಉಕ್ಕನ್ನು ಹೊಕ್ಕು ಪೆಡಸಾಗಿಸುವುದು. ಇವೆಲ್ಲವೂ ಆ ಒಂದು ಪದದ ಒಳಗೆ ಅಡಗಿದ ಭಾರವೇ ಸರಿ.

ಆದುದರಿಂದ ಈ ಪ್ರಸಂಗವನ್ನು ಪಾಠದಲ್ಲಿ ತರುವ ಅಧ್ಯಾಪಕರು ವಿಶೇಷಣದೊಡನೆಯೇ ತರುವುದು ನ್ಯಾಯ. ಆಗ ವಿದ್ಯಾರ್ಥಿಯು ನೀರನ್ನು ಒಡೆದಲ್ಲಿಗೆ ಕಾರ್ಯ ಮುಗಿಯಿತೆಂದು ಭ್ರಮಿಸನು. ಗ್ರಂಥಕಾರನಿಗೂ ಅವನು ಬರೆದ ಮಾತಿನ ಪೂರ್ಣಫಲ ಸಲ್ಲುವುದು.