ಸುತ್ತಿಗೆ ಬೇಡ, ಎಳೆದು ಕೂರಿಸಿ

ಶೆವ್ರೊಲೆಟ್ 1955ರಲ್ಲಿ ಹೊರತಂದ ಸ್ಮಾಲ್ ಬ್ಲಾಕ್ ವಿ8 ಎಂಜಿನನ್ನು ಅಮೆರಿಕದ ಹವ್ಯಾಸಿಗಳು ಇಂದಿಗೂ ಮನೆಯ ಶೆಡ್ಡಿನಲ್ಲಿ ಬಿಚ್ಚಿ ಜೋಡಿಸುತ್ತಾರೆ. ಬೇರಿಂಗುಗಳ ಸಂದನ್ನು ಕೂದಲೆಳೆಗಿಂತ ಸೂಕ್ಷ್ಮವಾಗಿ ಅಳೆದ ಕೈಯೇ ಕೊನೆಯಲ್ಲಿ ಹಾರ್ಮೋನಿಕ್ ಬ್ಯಾಲೆನ್ಸರ್ ಕೂರಿಸುವಾಗ ಮರದ ತುಂಡು ಇಟ್ಟು ಸುತ್ತಿಗೆ ಎತ್ತುತ್ತದೆ. ತಪ್ಪು ಆ ವಸ್ತುವಿನ ರೂಪದ್ದೂ ಹೌದು. ನೋಡಿದರೆ ಏಟು ತಿನ್ನಲೆಂದೇ ಹುಟ್ಟಿದ ದಪ್ಪ ಕಬ್ಬಿಣದ ಗಾಲಿ. ಆದರೆ ಅದು ಒಂದೇ ತುಂಡಲ್ಲ. ಎಂಜಿನ್ನಿನ ತಿರುಗುವ ದಂಡವಾದ ಕ್ರ್ಯಾಂಕಿನ ಮೂತಿಗೆ ಕೂರುವ ಹಬ್ ಬೇರೆ, ಹೊರಗಿನ ಭಾರದ ಉಂಗುರ ಬೇರೆ, ಎರಡನ್ನೂ ಹಿಡಿದಿರುವುದು ನಡುವಿನ ತೆಳು ರಬ್ಬರ್. ವಿ8 ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುವಾಗ ಕ್ರ್ಯಾಂಕಿಗೆ ಸೆಕೆಂಡಿಗೆ 200 ಸ್ಫೋಟಗಳ ಹೊಡೆತ. ಪ್ರತಿ ಹೊಡೆತಕ್ಕೂ ಅದು ಚೂರು ತಿರುಚಿ ಮರಳುತ್ತದೆ. ಈ ಲಯ ಕ್ರ್ಯಾಂಕಿನ ಸ್ವಂತ ಕಂಪನಕ್ಕೆ ತಾಳೆಯಾದರೆ ತಿರುಚು ಬೆಳೆಯುತ್ತಾ ಹೋಗಿ ಉಕ್ಕೇ ಬಿರುಕು ಬಿಡಬಹುದು. ಉಂಗುರ ರಬ್ಬರಿನ ಮೇಲೆ ತುಸು ಹಿಂದುಳಿದು, ಆ ಶಕ್ತಿಯನ್ನು ಶಾಖವಾಗಿಸಿ ಕಳೆಯುತ್ತದೆ. ಉಂಗುರದ ತೂಕ, ರಬ್ಬರಿನ ಬಿಗುವು, ಇವೆರಡರ ಹೊಂದಾಣಿಕೆಯೇ ಅದರ ಜೀವ.

ಸುತ್ತಿಗೆ ಕೆಡಿಸುವುದು ಇದನ್ನೇ. ಏಟು ಉಂಗುರದ ಮೇಲೆ ಬಿದ್ದರೆ ರಬ್ಬರ್ ಜರುಗುತ್ತದೆ; ಹಬ್ಬಿನ ಮೇಲೆ ಬಿದ್ದರೆ ಅದರ ರಭಸ ಕ್ರ್ಯಾಂಕಿನುದ್ದಕ್ಕೂ ಹಾದು ಹಿಂತುದಿಯ ಥ್ರಸ್ಟ್ ಬೇರಿಂಗಿಗೆ ತಾಗುತ್ತದೆ. ಹಬ್ಬಿನ ರಂಧ್ರ ಕ್ರ್ಯಾಂಕಿನ ಮೂತಿಗಿಂತ ಸುಮಾರು ಇಂಚಿನ ಸಾವಿರದಲ್ಲೊಂದು ಪಾಲು ಕಿರಿದಾಗಿರುವುದರಿಂದ ಬಲ ಬೇಕೇ ಬೇಕು, ಒಪ್ಪೋಣ. ಆದರೆ ಬಲಕ್ಕೂ ಏಟಿಗೂ ವ್ಯತ್ಯಾಸವಿದೆ. ಅದಕ್ಕೆಂದೇ ಇರುವ ಸಾಧನದ ಸರಳನ್ನು ಮೂತಿಯೊಳಗಿನ ಮರೆಗೆ (ಥ್ರೆಡ್ಡಿಗೆ) ಪೂರ್ತಿ ತಿರುಗಿಸಿ, ಹೊರಗಿನ ನಟ್ಟನ್ನು ಬಿಗಿಯುತ್ತ ಹೋದರೆ ಹಬ್ ನೇರವಾಗಿ, ನಿಧಾನವಾಗಿ ಒಳಸರಿದು ಟೈಮಿಂಗ್ ಗೇರಿಗೆ ತಾಗಿ ನಿಲ್ಲುತ್ತದೆ. ಬ್ಯಾಲೆನ್ಸರಿನ ಬೋಲ್ಟಿನಿಂದಲೇ ಎಳೆಯುವ ಜಾಣತನ ಸುತ್ತಿಗೆಗಿಂತ ಹೆಚ್ಚೇನೂ ಮೇಲಲ್ಲ. ಆರಂಭದಲ್ಲಿ ಅದರ ಕೆಲವೇ ಸುತ್ತು ಮರೆ ಹಿಡಿದಿರುತ್ತದೆ. ಆ ಮರೆ ಕಿತ್ತುಬಂದರೆ ರಿಪೇರಿ ಕ್ರ್ಯಾಂಕಿನದು.

ಹಾಗಿದ್ದರೆ ಹಳಬರು ಬಡಿದೇ ಕೂರಿಸಿದ ಎಂಜಿನ್‌ಗಳು ದಶಕಗಟ್ಟಲೆ ಓಡಲಿಲ್ಲವೇ? ಓಡಿದವು. ಅಷ್ಟೇ ಅಲ್ಲ, ಬೋಲ್ಟಿನ ತೂತೇ ಇಲ್ಲದ ಹಳೆಯ ಕ್ರ್ಯಾಂಕುಗಳಿಗೆ ಬಡಿದು ಕೂರಿಸುವ ಕ್ರಮವನ್ನು ಶೆವ್ರೊಲೆಟ್‌ನ ಸರ್ವಿಸ್ ಕೈಪಿಡಿಯೇ ಹೇಳಿದೆ. ಇದು ಗಟ್ಟಿ ಆಕ್ಷೇಪ. ಆದರೆ ಆ ಕೈಪಿಡಿ ಹೇಳಿದ್ದು ಬ್ಯಾಲೆನ್ಸರಿಗೆ ಜೋಡಿಸಿದ ವಿಶೇಷ ಸಾಧನದ ಮೇಲೆ ಬಡಿಯಲು, ಮರದ ತುಂಡಿನ ಮೇಲಲ್ಲ. ಉಂಗುರ ಜರುಗಿದರೆ ಬ್ಯಾಲೆನ್ಸರಿನ ಹೊಂದಾಣಿಕೆ ಹಾಳಾಗುತ್ತದೆಂಬ ಎಚ್ಚರಿಕೆಯೂ ಅಲ್ಲಿದೆ. ಬೋಲ್ಟಿಗೆ ಮರೆ ಕೊರೆದ ಕ್ರ್ಯಾಂಕುಗಳು ಬಂದಾಗ ಅದೇ ಕಂಪನಿ ಎಳೆದು ಕೂರಿಸುವ ಸಾಧನವನ್ನು ಸೂಚಿಸಿತು. ಇನ್ನು ಓಡಿದ ಎಂಜಿನ್ನಿನ ಸಾಕ್ಷಿ ದುರ್ಬಲ. ಜರುಗಿದ ಉಂಗುರ ಸದ್ದು ಮಾಡುವುದಿಲ್ಲ. ಕಿಡಿಯ ಸಮಯ ಹೊಂದಿಸಲು ಅದರ ಮೇಲಿರುವ ಟೈಮಿಂಗ್ ಗೆರೆ ಮಾತ್ರ ಸುಳ್ಳು ಹೇಳತೊಡಗುತ್ತದೆ, ಮೆಕ್ಯಾನಿಕ್ಕು ಕಾರ್ಬ್ಯುರೇಟರನ್ನು ಬೈಯುತ್ತಾನೆ.

ಬ್ಯಾಲೆನ್ಸರನ್ನು ಬಿಸಿ ಮಾಡಿ ಕೂರಿಸುವವರ ವಾದಕ್ಕೆ ಹೆಚ್ಚು ತೂಕವಿದೆ. ಸುಮಾರು 32 ಮಿಲಿಮೀಟರಿನ ರಂಧ್ರ ಕುದಿಯುವ ನೀರಿನಲ್ಲಿ ಮೊದಲಿಗಿಂತ 70 ಡಿಗ್ರಿಯಷ್ಟು ಹೆಚ್ಚು ಕಾದರೆ ಮಿಲಿಮೀಟರಿನ ನಲವತ್ತರಲ್ಲೊಂದು ಭಾಗ ಹಿಗ್ಗುತ್ತದೆ, ಅಂದರೆ ಹೆಚ್ಚುಕಡಿಮೆ ಅದು ಮೂತಿಗಿಂತ ಕಿರಿದಾಗಿರುವಷ್ಟೇ. ಆದರೆ ತಣ್ಣಗಿನ ಮೂತಿಗೆ ತಾಗಿದೊಡನೆ ಆ ಲಾಭ ಕರಗತೊಡಗುತ್ತದೆ, ಹಬ್ ಅರ್ಧಕ್ಕೇ ಕಚ್ಚಿಕೊಂಡರೆ ಮತ್ತೆ ಸಾಧನವೇ ಬೇಕು. ಬಿಸಿನೀರು ಸಹಾಯಕ್ಕಿರಲಿ, ಗ್ಯಾಸ್ ಜ್ವಾಲೆಯಂತೂ ರಬ್ಬರಿನ ಹತ್ತಿರ ಸುಳಿಯಬಾರದು. ಒಮ್ಮೆ ಬಳಸುವ ಸಾಧನಕ್ಕೆ ಹಣವೇಕೆ ಎನ್ನುವವರಿಗೆ ಅಮೆರಿಕದ ಬಿಡಿಭಾಗದ ಅಂಗಡಿಗಳೇ ಉತ್ತರ: ಠೇವಣಿ ಇಟ್ಟರೆ ಎರವಲು ಕೊಡುತ್ತವೆ. ತೂತಿಲ್ಲದ ಹಳೆಯ ಕ್ರ್ಯಾಂಕಾದರೆ, ಎಂಜಿನ್ ಹೇಗೂ ಬಿಚ್ಚಿರುವಾಗಲೇ ಮೆಷಿನ್ ಶಾಪಿನಲ್ಲಿ ಮೂತಿ ಕೊರೆಸಿ ಮರೆ ಹಾಕಿಸಿಕೊಳ್ಳುವುದು ಲೇಸು.