ಸಾದಾ ಎಣ್ಣೆಯೋ, ಸಿಂಥೆಟಿಕ್ಕೋ: ಧೂಳಿನ ದಾರಿಯ ಲೆಕ್ಕ

ಎಂಜಿನ್ ಆಯಿಲ್ ಬದಲಿಸುವ ಹೊತ್ತಿಗೆ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಯಾವ ಊರಿನ ಗ್ಯಾರೇಜಿಗೆ ಹೋದರೂ ಮಿಸ್ತ್ರಿ ಕೇಳುವುದು ಒಂದೇ ಮಾತು: "ಸರ್ರ, ಸಾದಾ ಹಾಕ್ಲ್ಯೋ, ಸಿಂಥೆಟಿಕ್ ಹಾಕ್ಲ್ಯೋ?" ಖರ್ಚಿನ ಚಿಂತೆ ಇದ್ದವರು "ಸಾದಾನ ಹಾಕು" ಅನ್ನುತ್ತಾರೆ. ಹೊಸ ಗಾಡಿ ಕೊಂಡವರು "ಇದ್ದದ್ರಾಗ ಚಲೋದು ಹಾಕು" ಅನ್ನುತ್ತಾರೆ. ಎರಡೂ ಉತ್ತರ ಜೇಬನ್ನು ನೋಡಿ ಬಂದವು. ಆ ಎಂಜಿನ್ ಯಾವ ಎಣ್ಣೆ ಬೇಡುತ್ತದೆ, ಆ ಗಾಡಿ ಎಂಥ ದಾರಿಯಲ್ಲಿ ಓಡುತ್ತದೆ ಎಂಬ ವಿಚಾರ ಎರಡರಲ್ಲೂ ಇಲ್ಲ. ಮನೆತನದ ಉಳಿತಾಯ ಸುರಿದು ಕೊಂಡ ಗಾಡಿಯ ಆಯುಷ್ಯ ನಿಂತಿರುವುದು ಈ ಎಣ್ಣೆಯ ಮೇಲೆ. ಆದ್ದರಿಂದ ನಮ್ಮ ಭಾಗದಲ್ಲಿ ಬೇರೂರಿದ ಈ ರೂಢಿಯನ್ನು ಒರೆಗೆ ಹಚ್ಚುವ ಅಗತ್ಯವಿದೆ.

ನನ್ನ ವಾದ ಇಷ್ಟು: ನಮ್ಮ ನಾಲ್ಕು ತಾಲ್ಲೂಕುಗಳ ಬಿಸಿಲು, ಧೂಳು, ಗಿಡ್ಡ ಓಡಾಟಗಳ ನಡುವೆ ಸಿಂಥೆಟಿಕ್ ಎಣ್ಣೆಗೆ ಕೊಡುವ ಹೆಚ್ಚಿನ ದುಡ್ಡು ಎಂಜಿನ್ನಿನ ರಕ್ಷಣೆಗೆ ಸಲ್ಲುತ್ತದೆ; ಎಣ್ಣೆ ಬದಲಿಸದೆ ದೂರ ಓಡಿಸುವ ಪರವಾನಿಗೆ ಅದರಿಂದ ಸಿಗುವುದಿಲ್ಲ. ಇದನ್ನು ಮರೆತರೆ ತುಟ್ಟಿ ಎಣ್ಣೆ ಹಾಕಿಯೂ ಎಂಜಿನ್ ಕೆಡುತ್ತದೆ. ನೆನಪಿಟ್ಟರೆ ಸಾದಾ ಎಣ್ಣೆಯ ಮೇಲೂ ಹಳೆಯ ಗಾಡಿ ವರ್ಷಗಟ್ಟಲೆ ನಡೆಯುತ್ತದೆ.

ಮೊದಲು ಡಬ್ಬಿಯೊಳಗೆ ಏನಿದೆ ನೋಡೋಣ. ಯಾವುದೇ ಎಂಜಿನ್ ಆಯಿಲ್‌ನಲ್ಲಿ ಮುಕ್ಕಾಲು ಪಾಲು, ಕೆಲವೊಮ್ಮೆ ಅದಕ್ಕೂ ಹೆಚ್ಚು, ಬೇಸ್ ಆಯಿಲ್ ಇರುತ್ತದೆ. ಉಳಿದದ್ದು ರಾಸಾಯನಿಕ ಸೇರ್ಪಡೆ. ಕಿಟ್ಟ ತೊಳೆಯುವುದು, ಮಸಿಯನ್ನು ತೇಲಿಸಿ ಹಿಡಿಯುವುದು, ಆಮ್ಲವನ್ನು ಅಡಗಿಸುವುದು, ಲೋಹದ ಸವೆತ ತಡೆಯುವುದು ಈ ಸೇರ್ಪಡೆಗಳ ಕೆಲಸ. ಸಾದಾ, ಸಿಂಥೆಟಿಕ್ ಎಂಬ ಭೇದ ಇರುವುದು ಬೇಸ್ ಆಯಿಲ್‌ನಲ್ಲಿ ಮಾತ್ರ. ಅಮೆರಿಕನ್ ಪೆಟ್ರೋಲಿಯಂ ಇನ್‌ಸ್ಟಿಟ್ಯೂಟ್, ಅಂದರೆ ಎಪಿಐ, ಬೇಸ್ ಆಯಿಲ್‌ಗಳನ್ನು ಐದು ಗುಂಪುಗಳಾಗಿ ವಿಂಗಡಿಸಿದೆ. ಕಚ್ಚಾ ತೈಲವನ್ನು ಶುದ್ಧೀಕರಿಸಿ ತೆಗೆದ ಮೊದಲ ಎರಡು ಗುಂಪುಗಳೇ ನಮ್ಮ ಸಾದಾ ಎಣ್ಣೆ. ಮೂರನೆಯದೂ ಕಚ್ಚಾ ತೈಲದಿಂದಲೇ ಬಂದದ್ದು, ಆದರೆ ಹೆಚ್ಚಿನ ಒತ್ತಡದಲ್ಲಿ ಹೈಡ್ರೋಜನ್ ಹಾಯಿಸಿ ಅದರ ಅಣುಗಳನ್ನು ಮುರಿದು ಜೋಡಿಸಿರುತ್ತಾರೆ. ನಾಲ್ಕನೆಯದನ್ನು ಕಾರ್ಖಾನೆಯಲ್ಲಿ ಅಣುವಿನಿಂದ ಅಣುವಿಗೆ ಕಟ್ಟಿ ಮಾಡುತ್ತಾರೆ. ಇವುಗಳಲ್ಲಿ ಸೇರದವೆಲ್ಲ ಐದನೆಯ ಗುಂಪು. ಮೂರನೇ ಗುಂಪಿನ ಎಣ್ಣೆಯನ್ನು ಸಿಂಥೆಟಿಕ್ ಎಂದು ಮಾರಬಹುದೋ ಇಲ್ಲವೋ ಎಂದು ಅಮೆರಿಕದಲ್ಲಿ ಮೊಬಿಲ್ ಮತ್ತು ಕ್ಯಾಸ್ಟ್ರಾಲ್ ಕಂಪನಿಗಳ ನಡುವೆ ತಕರಾರು ಎದ್ದಿತ್ತು. 1999ರಲ್ಲಿ ಅಲ್ಲಿನ ಜಾಹೀರಾತು ಪರಿಶೀಲನಾ ಸಂಸ್ಥೆ ಮಾರಬಹುದು ಎಂದಿತು. ಇಂದು ಅಂಗಡಿಯಲ್ಲಿ ಸಿಗುವ ಸಿಂಥೆಟಿಕ್ ಡಬ್ಬಿಗಳಲ್ಲಿ ಹೆಚ್ಚಿನವು ಈ ಮೂರನೇ ಗುಂಪಿನವೇ. ಅದರಲ್ಲಿ ಮೋಸವಿಲ್ಲ, ಅದೂ ಒಳ್ಳೆಯ ಎಣ್ಣೆಯೇ. ಆದರೆ ಡಬ್ಬಿಯ ಮುಂದಿನ ದಪ್ಪ ಅಕ್ಷರಗಳನ್ನಷ್ಟೇ ನಂಬಿ ಕೊಳ್ಳಬಾರದು ಎನ್ನುವುದಕ್ಕೆ ಇಷ್ಟು ಸಾಕು. ಸೆಮಿ ಸಿಂಥೆಟಿಕ್ ಎಂದು ಬರೆದದ್ದರಲ್ಲಂತೂ ಯಾವುದು ಎಷ್ಟು ಪಾಲು ಬೆರೆತಿದೆ ಎಂದು ಡಬ್ಬಿ ಹೇಳುವುದೇ ಇಲ್ಲ.

ನಿಜವಾಗಿ ಓದಬೇಕಾದದ್ದು ಡಬ್ಬಿಯ ಮೇಲಿನ ಎರಡು ಗುರುತು. ಒಂದು ದಪ್ಪದ ಗುರುತು: 20ಡಬ್ಲ್ಯೂ-50, 15ಡಬ್ಲ್ಯೂ-40, 5ಡಬ್ಲ್ಯೂ-30 ಹೀಗೆ. ಇನ್ನೊಂದು ಗುಣಮಟ್ಟದ ಗುರುತು: ಪೆಟ್ರೋಲ್ ಗಾಡಿಗೆ ಎಪಿಐ ಎಸ್‌ಎನ್, ಎಸ್‌ಪಿ, ಡೀಸೆಲ್ ಗಾಡಿಗೆ ಸಿಐ-4, ಸಿಕೆ-4, ಇಲ್ಲವೇ ಯುರೋಪಿನ ಎಸಿಇಎ ಸಿ2, ಸಿ3. ದಪ್ಪದ ಗುರುತಿನ ಮೊದಲ ಅಂಕಿ ಚಳಿಗೆ ಸಂಬಂಧಿಸಿದ್ದು. 20ಡಬ್ಲ್ಯೂ ಎಣ್ಣೆಯನ್ನು ಮೈನಸ್ 15 ಡಿಗ್ರಿಯಲ್ಲಿ, 5ಡಬ್ಲ್ಯೂ ಎಣ್ಣೆಯನ್ನು ಮೈನಸ್ 30 ಡಿಗ್ರಿಯಲ್ಲಿ ಎಂಜಿನ್ ತಿರುಗೀತೇ ಎಂದು ಪರೀಕ್ಷಿಸುತ್ತಾರೆ. ಎರಡನೇ ಅಂಕಿ 100 ಡಿಗ್ರಿ ಬಿಸಿಯಲ್ಲಿ ಎಣ್ಣೆ ಎಷ್ಟು ದಪ್ಪ ಉಳಿಯುತ್ತದೆ ಎಂಬುದಕ್ಕೆ.

ಇಲ್ಲಿಯೇ ನಮ್ಮ ಗ್ಯಾರೇಜುಗಳ ದೊಡ್ಡ ವಾದ ಹುಟ್ಟುತ್ತದೆ: ನಮ್ಮಲ್ಲಿ ಹಿಮ ಬೀಳುವುದಿಲ್ಲ, ಬಿಸಿಲ ನಾಡಿಗೆ ತೆಳು ಎಣ್ಣೆ ಏಕೆ, ದಪ್ಪದ್ದೇ ಹಾಕಿರಿ. ಕೇಳಲು ಸರಿ ಎನಿಸುವ ಈ ಮಾತು ಹಳೆಯ ಎಂಜಿನ್ನಿಗೆ ಒಪ್ಪುತ್ತದೆ, ಹೊಸದಕ್ಕೆ ಒಪ್ಪುವುದಿಲ್ಲ. ಎಣ್ಣೆಯ ದಪ್ಪವನ್ನು ಕಂಪನಿಗಳು 100 ಡಿಗ್ರಿಯ ಜೊತೆಗೆ 40 ಡಿಗ್ರಿಯಲ್ಲೂ ಅಳೆದು ಪ್ರಕಟಿಸುತ್ತವೆ. 40 ಡಿಗ್ರಿ ಎಂದರೆ ಏಪ್ರಿಲ್ ಮಧ್ಯಾಹ್ನ ಮುಧೋಳದ ಸಂತೆಯಲ್ಲಿ ನಿಲ್ಲಿಸಿದ ಗಾಡಿಯ ಬಿಸಿ. ಆ ಬಿಸಿಯಲ್ಲೂ 20ಡಬ್ಲ್ಯೂ-50 ಎಣ್ಣೆಯ ಅಳತೆ ಸುಮಾರು 150 ಸೆಂಟಿಸ್ಟೋಕ್ಸ್ ಇದ್ದರೆ 5ಡಬ್ಲ್ಯೂ-30 ಎಣ್ಣೆಯದು ಅದರ ಅರ್ಧಕ್ಕಿಂತ ಕಡಿಮೆ. ಗಾಡಿ ಶುರು ಮಾಡಿದ ಮೊದಲ ಗಳಿಗೆಯಲ್ಲಿ ಎಣ್ಣೆ ಮೇಲಿನ ಕ್ಯಾಮ್‌ಶಾಫ್ಟ್‌ವರೆಗೆ ಏರಬೇಕು. ಎಂಜಿನ್ ಸವೆಯುವುದು ಆ ಹೊತ್ತಿನಲ್ಲಿಯೇ ಹೆಚ್ಚು. ಇನ್ನು ಗಾಡಿ ಓಡುವಾಗ ಥರ್ಮೋಸ್ಟ್ಯಾಟ್ ಎಂಜಿನ್ನಿನ ಬಿಸಿಯನ್ನು ಒಂದೇ ಮಟ್ಟದಲ್ಲಿ ಇಡುತ್ತದೆ. ಹೊರಗೆ 15 ಡಿಗ್ರಿ ಇದ್ದರೂ 42 ಇದ್ದರೂ ಒಳಗಿನ ಎಣ್ಣೆಗೆ ಬೀಳುವ ವ್ಯತ್ಯಾಸ ನಾವು ತಿಳಿದಷ್ಟು ದೊಡ್ಡದಲ್ಲ. ಹೊಸ ಎಂಜಿನ್ನುಗಳಲ್ಲಿ ವಾಲ್ವಿನ ಹೊತ್ತು ಬದಲಿಸುವ ಯಂತ್ರ, ಟೈಮಿಂಗ್ ಚೈನ್ ಬಿಗಿ ಹಿಡಿಯುವ ಟೆನ್ಷನರ್ ಎಲ್ಲ ಕೆಲಸ ಮಾಡುವುದು ಎಣ್ಣೆಯ ಒತ್ತಡದ ಮೇಲೆ. ಸಣ್ಣ ಕಿಂಡಿಗಳ ಆ ಎಂಜಿನ್ನಿಗೆ ಬ್ಯಾರಲ್‌ನಿಂದ ಅಳೆದ ದಪ್ಪ ಎಣ್ಣೆ ಸುರಿಯುವುದು ಅಪಚಾರ. ಎಲ್ಲ ಗಾಡಿಗೂ ಒಂದೇ ಬ್ಯಾರಲ್ ಎಂಬ ಪದ್ಧತಿ ನಮ್ಮ ಭಾಗದ ಅತಿ ಕೆಟ್ಟ ರೂಢಿ.

ಸಿಂಥೆಟಿಕ್ ಎಣ್ಣೆಯ ಗುಣ ಯಾವುದು? ಬಿಸಿಗೆ ಬೇಗ ಕೆಡುವುದಿಲ್ಲ, ಆವಿಯಾಗಿ ಕಡಿಮೆಯಾಗುವುದು ಕಡಿಮೆ, ಬಿಸಿ-ತಂಪಿನ ನಡುವೆ ದಪ್ಪ ಅಷ್ಟಾಗಿ ಏರಿಳಿಯುವುದಿಲ್ಲ. ಟರ್ಬೋ ಇದ್ದ ಗಾಡಿಗೆ ಇದು ಬಲು ಮುಖ್ಯ. ಟರ್ಬೋದ ಅಚ್ಚು ನಿಮಿಷಕ್ಕೆ ಲಕ್ಷ ಸುತ್ತು ಮೀರಿ ತಿರುಗುತ್ತದೆ, ಹೊಗೆಯ ಬಿಸಿಗೆ ಕಾಯುತ್ತದೆ. ಜೋರಾಗಿ ಓಡಿಸಿ ತಟ್ಟನೆ ಬಂದ್ ಮಾಡಿದರೆ ಅಲ್ಲಿ ನಿಂತ ಸಾದಾ ಎಣ್ಣೆ ಸುಟ್ಟು ಕರಿಕು ಹಿಡಿಯುತ್ತದೆ. ಸಿಂಥೆಟಿಕ್ ಎಣ್ಣೆ ಇದನ್ನು ಬಹಳ ಮಟ್ಟಿಗೆ ತಾಳಿಕೊಳ್ಳುತ್ತದೆ. ಇದು ಜಾಹೀರಾತಿನ ಬಣ್ಣವಲ್ಲ, ನಿಜವಾದ ಗುಣ.

ಆದರೆ ಇದೇ ಗುಣ ತೋರಿಸಿ ಮಾರುವವರು ಇನ್ನೊಂದು ಮಾತು ಸೇರಿಸುತ್ತಾರೆ: ಒಮ್ಮೆ ಹಾಕಿಸಿದರೆ 15,000 ಕಿ.ಮೀ. ಚಿಂತೆಯಿಲ್ಲ. ಈ ಮಾತು ನಮ್ಮ ರಸ್ತೆಗಳಲ್ಲಿ ನಿಲ್ಲುವುದಿಲ್ಲ. ಕಬ್ಬಿನ ಹಂಗಾಮಿನಲ್ಲಿ ಸಮೀರವಾಡಿ, ಸಿದ್ದಾಪುರ, ಹಿರೇಪಡಸಲಗಿ, ಬಾಡಗಂಡಿ ಕಾರ್ಖಾನೆಗಳ ಹಾದಿ ಹಿಡಿದವರಿಗೆ ಹೇಳಬೇಕಾಗಿಲ್ಲ. ಎರಡೆರಡು ಟ್ರೇಲಿ ಎಳೆಯುವ ಟ್ರ್ಯಾಕ್ಟರಿನ ಹಿಂದೆ ಮೊದಲ ಗೇರಿನಲ್ಲಿ ತೆವಳುತ್ತ, ಎರಿಮಣ್ಣಿನ ಧೂಳು ಕುಡಿಯುತ್ತ ಸಾಗಬೇಕು. ಮುದ್ದಾಪುರ, ಲೋಕಾಪುರದ ಕಡೆಗೆ ಹೋದರೆ ಸುಣ್ಣಕಲ್ಲಿನ ಪುಡಿ. ಬೇರಿಂಗಿನ ನಡುವೆ ಎಣ್ಣೆಯ ಪದರ ಇರುವುದು ಕೆಲವೇ ಮೈಕ್ರಾನ್ ದಪ್ಪ. ಏರ್ ಫಿಲ್ಟರ್ ಹರಿದಿದ್ದರೆ, ಅದರ ಪೆಟ್ಟಿಗೆಯ ಕ್ಲಿಪ್ ಸಡಿಲಾಗಿದ್ದರೆ ಅಷ್ಟೇ ಗಾತ್ರದ ಮರಳಿನ ಕಣ ಒಳಗೆ ಹೋಗಿ ಎಣ್ಣೆಯನ್ನು ಸಾಣೆಯ ಪುಡಿಯಾಗಿಸುತ್ತದೆ. ಸಾಮಾನ್ಯ ಆಯಿಲ್ ಫಿಲ್ಟರ್ ಇಷ್ಟು ಸಣ್ಣ ಕಣವನ್ನು ಪೂರ್ತಿ ಹಿಡಿಯಲಾರದು. ಸಿಂಥೆಟಿಕ್ ಬೇಸ್ ಆಯಿಲ್ ಎಷ್ಟೇ ಉತ್ತಮವಾಗಿರಲಿ, ಅದರಲ್ಲಿ ತೇಲುವ ಮರಳಿಗೆ ಅದರ ಬಳಿ ಮದ್ದಿಲ್ಲ. ಹೊಲಸು ಎಣ್ಣೆಯನ್ನು ಹೊರಗೆ ಬಿಡುವುದೊಂದೇ ದಾರಿ.

ಗಿಡ್ಡ ಓಡಾಟ ಇನ್ನೊಂದು ಶತ್ರು. ರಬಕವಿ, ಬನಹಟ್ಟಿ ಒಂದಕ್ಕೊಂದು ಹಚ್ಚಿಕೊಂಡ ಊರುಗಳು. ಮಗ್ಗದ ಮನೆಯಿಂದ ನೂಲಿನ ಅಂಗಡಿಗೆ, ಅಂಗಡಿಯಿಂದ ಶಾಲೆಗೆ ಎಂದು ಓಡಾಡುವ ಗಾಡಿಯ ಎಣ್ಣೆ ಸರಿಯಾಗಿ ಕಾಯುವ ಮೊದಲೇ ಎಂಜಿನ್ ಬಂದ್ ಆಗುತ್ತದೆ. ಉರಿಯುವಿಕೆಯಿಂದ ಹುಟ್ಟಿದ ನೀರು, ಉರಿಯದೆ ಉಳಿದ ಇಂಧನ ಆವಿಯಾಗದೆ ಎಣ್ಣೆಯಲ್ಲೇ ಉಳಿಯುತ್ತವೆ. ಇಂಥ ಗಾಡಿ ವರ್ಷಕ್ಕೆ 4,000 ಕಿ.ಮೀ. ಮಾತ್ರ ಓಡಿದರೂ ಎಣ್ಣೆ ವರ್ಷಕ್ಕೊಮ್ಮೆ ಬದಲಾಗಲೇಬೇಕು. ಕಾರು ಕಂಪನಿಗಳ ಪುಸ್ತಕದಲ್ಲಿಯೇ ಧೂಳಿನ ರಸ್ತೆ, ಗಿಡ್ಡ ಓಡಾಟ, ಬಹಳ ಹೊತ್ತು ನಿಂತಲ್ಲೇ ಎಂಜಿನ್ ಓಡುವುದು, ಭಾರ ಎಳೆಯುವುದು ಇವನ್ನು ಕಠಿಣ ಬಳಕೆ ಎಂದು ಕರೆದು ಅವಧಿ ಕಡಿಮೆ ಮಾಡಲು ಸೂಚಿಸಿರುತ್ತಾರೆ. ನಮ್ಮ ಭಾಗದ ಬಹುಪಾಲು ಗಾಡಿಗಳು ಈ ಪಟ್ಟಿಯಲ್ಲೇ ಬರುತ್ತವೆ. ಆ ಪುಟವನ್ನು ಓದುವವರು ಕಡಿಮೆ.

ಡೀಸೆಲ್ ಗಾಡಿಯವರು ಇನ್ನೂ ಎಚ್ಚರ ವಹಿಸಬೇಕು. 2020ರ ಏಪ್ರಿಲ್ 1ರಿಂದ ಬಂದ ಬಿಎಸ್6 ನಿಯಮದ ನಂತರ ಡೀಸೆಲ್ ಕಾರುಗಳ ಹೊಗೆಕೊಳವೆಯಲ್ಲಿ ಮಸಿ ಹಿಡಿಯುವ ಫಿಲ್ಟರ್ ಬಂದಿದೆ. ಮಸಿ ಸುಟ್ಟುಹೋಗುತ್ತದೆ, ಆದರೆ ಎಣ್ಣೆಯಲ್ಲಿರುವ ಸೇರ್ಪಡೆಗಳ ಬೂದಿ ಅಲ್ಲೇ ಕೂತು ಫಿಲ್ಟರ್ ಕಟ್ಟುತ್ತದೆ. ಅದಕ್ಕೆ ಕಡಿಮೆ ಬೂದಿಯ ಎಣ್ಣೆ ಬೇಕು. ಎಸಿಇಎ ಸಿ2, ಸಿ3 ಗುರುತಿನಲ್ಲಿ ಬೂದಿಯ ಮಿತಿ ಶೇ. 0.8. ಟ್ರ್ಯಾಕ್ಟರಿಗೆ ತಂದ ಡಬ್ಬಿಯಲ್ಲಿ ಉಳಿದದ್ದನ್ನು ಇಂಥ ಕಾರಿಗೆ ಸುರಿಯುವುದು ಸಾವಿರಗಟ್ಟಲೆ ರೂಪಾಯಿಯ ಫಿಲ್ಟರಿಗೆ ಮಣ್ಣು ಹಾಕಿದಂತೆ. ಊರೊಳಗಷ್ಟೇ ಓಡುವ ಡೀಸೆಲ್ ಕಾರಿನಲ್ಲಿ ಮಸಿ ಸುಡುವ ಕ್ರಿಯೆ ಅರ್ಧಕ್ಕೇ ನಿಂತು ಡೀಸೆಲ್ ಎಣ್ಣೆಗೆ ಇಳಿಯುತ್ತದೆ. ಡಿಪ್ ಸ್ಟಿಕ್ಕಿನಲ್ಲಿ ಎಣ್ಣೆಯ ಮಟ್ಟ ಏರಿದ್ದು ಕಂಡರೆ ಎಣ್ಣೆ ತೆಳುವಾಗುತ್ತಿದೆ ಎಂದೇ ತಿಳಿದು ಕೂಡಲೇ ಬದಲಿಸಬೇಕು.

ನಮ್ಮಲ್ಲಿ ಎಷ್ಟೋ ಮನೆಗಳಿಗೆ ಬೈಕೇ ಕುಟುಂಬದ ಗಾಡಿ. ಗೇರಿನ ಬೈಕಿನಲ್ಲಿ ಎಂಜಿನ್, ಕ್ಲಚ್, ಗೇರು ಮೂರಕ್ಕೂ ಒಂದೇ ಎಣ್ಣೆ. ಕಾರಿನ ತೆಳು ಎಣ್ಣೆಗಳಲ್ಲಿ ಜಾರಿಕೆ ಹೆಚ್ಚಿಸುವ ಸೇರ್ಪಡೆ ಇರುವುದುಂಟು. ಅದರಿಂದ ಬೈಕಿನ ಕ್ಲಚ್ ಜಾರುತ್ತದೆ. ಜಾಸೋ ಎಂಎ ಇಲ್ಲವೇ ಎಂಎ2 ಗುರುತು ಇದ್ದದ್ದನ್ನೇ ಹಾಕಿಸಬೇಕು. ಸಣ್ಣ ಬೈಕಿಗೆ ಆ ಗುರುತಿನ ಸಾದಾ ಎಣ್ಣೆ ಹೊತ್ತಿಗೆ ಸರಿಯಾಗಿ ಬಿದ್ದರೆ ಸಾಕು.

ಈಗ ದುಡ್ಡಿನ ಮಾತು. ಲೆಕ್ಕಕ್ಕೆ ಹೀಗೆ ಹಿಡಿಯೋಣ: ಕಾರಿಗೆ ಮೂರೂವರೆ ಲೀಟರ್ ಎಣ್ಣೆ, ಸಾದಾ ಎಣ್ಣೆ ಲೀಟರಿಗೆ 350 ರೂಪಾಯಿ, ಸಿಂಥೆಟಿಕ್ 750, ಫಿಲ್ಟರ್ 200, ಕೂಲಿ 300, ವರ್ಷದ ಓಟ 10,000 ಕಿ.ಮೀ. ಸಾದಾ ಎಣ್ಣೆಯನ್ನು 5,000ಕ್ಕೊಮ್ಮೆ ಬದಲಿಸಿದರೆ ವರ್ಷಕ್ಕೆ 3,450 ರೂಪಾಯಿ. ಸಿಂಥೆಟಿಕ್ಕನ್ನು ನಮ್ಮ ಧೂಳಿಗೆ ತಕ್ಕಂತೆ 7,500ಕ್ಕೊಮ್ಮೆ ಬದಲಿಸಿದರೆ ಸರಾಸರಿ 4,170 ರೂಪಾಯಿ. ವ್ಯತ್ಯಾಸ ಸುಮಾರು 700. ಅದೇ ಕಾರು ಲೀಟರಿಗೆ 18 ಕಿ.ಮೀ. ಕೊಟ್ಟು ಪೆಟ್ರೋಲ್ 100 ರೂಪಾಯಿ ಇದ್ದರೆ ವರ್ಷದ ಇಂಧನ 55,000 ರೂಪಾಯಿ ದಾಟುತ್ತದೆ. ತೆಳು ಎಣ್ಣೆಯಿಂದ ಅದರಲ್ಲಿ ಶೇ. 1 ಉಳಿದರೂ ಹೆಚ್ಚಿನ ಖರ್ಚಿನ ಬಹುಪಾಲು ಮರಳಿ ಬರುತ್ತದೆ. ಹೀಗಾಗಿ ಬೆಲೆಯ ಅಂತರ ಈ ಆಯ್ಕೆಯನ್ನು ತೀರ್ಮಾನಿಸುವಷ್ಟು ದೊಡ್ಡದಲ್ಲ. ಎಂಜಿನ್ನಿನ ಬೇಡಿಕೆಯೇ ತೀರ್ಮಾನಿಸಬೇಕು.

ಕೆಲವು ನಂಬಿಕೆಗಳನ್ನು ಬಿಡಬೇಕು. ಒಮ್ಮೆ ಸಿಂಥೆಟಿಕ್ ಹಾಕಿದರೆ ಮತ್ತೆ ಸಾದಾಕ್ಕೆ ಮರಳಬಾರದು ಎಂಬುದು ಸುಳ್ಳು, ಎರಡೂ ಬೆರೆಯುತ್ತವೆ. ದಾರಿಯಲ್ಲಿ ಎಣ್ಣೆ ಕಡಿಮೆಯಾದರೆ ಯಾವುದು ಸಿಕ್ಕರೂ ಹಾಕಿ ಊರು ಮುಟ್ಟಬಹುದು. ಡೀಸೆಲ್ ಗಾಡಿಯ ಎಣ್ಣೆ ಕಪ್ಪಾದ ಮಾತ್ರಕ್ಕೆ ಕೆಟ್ಟಿತು ಎನ್ನಲಾಗದು. ಮಸಿಯನ್ನು ಹಿಡಿದಿಡುವ ಕೆಲಸ ಅದು ಮಾಡುತ್ತಿದೆ.

ಬಿಟ್ಟ ಎಣ್ಣೆಯ ಗತಿಯನ್ನೂ ಕೇಳಬೇಕು. ಗೆದ್ದಲಿಗೆಂದು ಕಟ್ಟಿಗೆಗೆ ಬಳಿಯುವುದು, ಸೆಂಟ್ರಿಂಗ್ ತಗಡಿಗೆ ಹಚ್ಚುವುದು, ಉಳಿದದ್ದನ್ನು ಗಟಾರಕ್ಕೆ ಚೆಲ್ಲುವುದು ನಮ್ಮ ರೂಢಿ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳು ಬಳಸಿದ ಎಣ್ಣೆಗೂ ಅನ್ವಯಿಸುತ್ತವೆ. ಅದು ನೋಂದಾಯಿತ ಮರುಬಳಕೆ ಘಟಕಕ್ಕೆ ಹೋಗಬೇಕು. ಕೃಷ್ಣಾ, ಘಟಪ್ರಭೆಗಳ ನೀರನ್ನೇ ಕುಡಿದು, ಅದೇ ನೀರಿನಲ್ಲಿ ಕಬ್ಬು ಬೆಳೆಯುವ ನಾವು ಗಟಾರಕ್ಕೆ ಚೆಲ್ಲಿದ ಎಣ್ಣೆ ಎಲ್ಲಿ ಸೇರುತ್ತದೆ ಎಂದು ಯೋಚಿಸಬೇಕು. ಖಾಲಿ ಡಬ್ಬಿಯನ್ನು ಹಾಗೆಯೇ ಬಿಟ್ಟು ಬರುವುದೂ ತಪ್ಪು. ಅದರಲ್ಲಿ ನಕಲಿ ಎಣ್ಣೆ ತುಂಬಿ ಮತ್ತೆ ಮಾರುವವರಿದ್ದಾರೆ. ಕಣ್ಣೆದುರೇ ಸೀಲು ಒಡೆಸಿ, ಖಾಲಿಯಾದ ಮೇಲೆ ಡಬ್ಬಿ ಕೊಯ್ಯಿಸಿ ಬರಬೇಕು.

ನನ್ನ ತೀರ್ಪು ಇದು. ಹತ್ತು-ಹದಿನೈದು ವರ್ಷದ, ಟರ್ಬೋ ಇಲ್ಲದ ಪೆಟ್ರೋಲ್ ಕಾರಿಗೆ, ಹಳೆಯ ಜೀಪಿಗೆ ಅದರ ಪುಸ್ತಕ ಹೇಳಿದ ದಪ್ಪದ ಸಾದಾ ಎಣ್ಣೆ ಸಾಕು. ಆದರೆ 5,000 ಕಿ.ಮೀ. ದಾಟಿಸಬೇಡಿ. ಟರ್ಬೋ ಗಾಡಿಗೆ, ಬಿಎಸ್6 ಡೀಸೆಲ್ ಕಾರಿಗೆ, 0ಡಬ್ಲ್ಯೂ-20 ಅಥವಾ 5ಡಬ್ಲ್ಯೂ-30 ಬೇಡುವ ಹೊಸ ಕಾರಿಗೆ ಪುಸ್ತಕದ ಗುರುತಿಗೆ ಹೊಂದುವ ಸಿಂಥೆಟಿಕ್ ಹಾಕಿಸಿ. ಅದನ್ನೂ 7,500ರ ಆಸುಪಾಸಿನಲ್ಲಿ, ಓಟ ಕಡಿಮೆಯಿದ್ದರೆ ವರ್ಷಕ್ಕೊಮ್ಮೆ ಬದಲಿಸಿ. ಎರಡೂ ಬಗೆಯ ಗಾಡಿಗೆ ಪ್ರತಿ ಸಲ ಆಯಿಲ್ ಫಿಲ್ಟರ್ ಹೊಸದಾಗಲಿ, ಕಬ್ಬಿನ ಹಂಗಾಮು ಮುಗಿದ ಕೂಡಲೇ ಏರ್ ಫಿಲ್ಟರ್ ತೆಗೆಸಿ ನೋಡಿ. ಗಾಡಿ ಮಾರುವ ಕಂಪನಿಗಳಿಗೆ ಒಂದು ಬೇಡಿಕೆ ಇದೆ: ಎಣ್ಣೆಯ ದಪ್ಪ, ಗುಣಮಟ್ಟದ ಗುರುತು, ಕಠಿಣ ಬಳಕೆಯ ಅವಧಿ ಇಷ್ಟನ್ನು ಒಂದು ಹಾಳೆಯಲ್ಲಿ ಕನ್ನಡದಲ್ಲಿ ಅಚ್ಚು ಹಾಕಿ ಗಾಡಿಯ ಜೊತೆ ಕೊಡಿ. ಆ ಹಾಳೆ ಕೈಗೆ ಬರುವವರೆಗೆ ಓದುಗರು ಒಂದು ಕೆಲಸ ಮಾಡಬಹುದು. ನಿಮ್ಮ ಗಾಡಿಯ ಪುಸ್ತಕ ತೆಗೆದು, ಓದಲು ಬಾರದಿದ್ದರೆ ಕಾಲೇಜಿಗೆ ಹೋಗುವ ಮಕ್ಕಳಿಂದ ಓದಿಸಿ, ಆ ಗುರುತುಗಳನ್ನು ಚೀಟಿಯಲ್ಲಿ ಬರೆದು ಗಾಡಿಯಲ್ಲಿ ಅಂಟಿಸಿ. ಮುಂದಿನ ಸಲ ಮಿಸ್ತ್ರಿ ಕೇಳಿದಾಗ ಆ ಚೀಟಿಯನ್ನೇ ತೋರಿಸಿ.