ಓದಿ ಹೇಳಿದರೆ ತಿಳಿಯುವಂಥ ಕಾಗದ

ನಮ್ಮ ಭಾಗದ ಯಾವುದೇ ತಹಶೀಲ್ದಾರ ಕಚೇರಿಯ ಅಂಗಳದಲ್ಲಿ ಸ್ವಲ್ಪ ಹೊತ್ತು ನಿಂತರೆ ಒಂದು ಮಾತು ಮತ್ತೆ ಮತ್ತೆ ಕಿವಿಗೆ ಬೀಳುತ್ತದೆ: “ಏನ ಬರದಾರ್ರೀ ಇದರಾಗ? ಸ್ವಲ್ಪ ಓದಿ ಹೇಳ್ರಿ.” ಹೀಗೆ ಕೇಳುವವರೆಲ್ಲ ಓದು ಬಾರದವರೆಂದು ತಿಳಿಯಬೇಡಿ. ಡಿಗ್ರಿ ಮುಗಿಸಿದ ಹುಡುಗನೂ ನೋಟಿಸು ಹಿಡಿದು ಅರ್ಜಿ ಬರೆಯುವವರ ಮೇಜಿನ ಮುಂದೆ ನಿಂತಿರುತ್ತಾನೆ. ಅಕ್ಷರಗಳೆಲ್ಲ ಅವನಿಗೆ ಗೊತ್ತು. ಆ ಕಾಗದ ತನ್ನಿಂದ ಏನು ಕೇಳುತ್ತಿದೆ ಎಂಬುದು ಮಾತ್ರ ಗೊತ್ತಾಗುವುದಿಲ್ಲ.

ನೋಟಿಸು, ಸುತ್ತೋಲೆ, ಅರ್ಜಿ ನಮೂನೆ, ಕರಪತ್ರಗಳನ್ನು ನಾನು ಕಥೆ-ಕಾದಂಬರಿಯಷ್ಟೇ ಅಕ್ಕರೆಯಿಂದ ಓದುತ್ತೇನೆ. ಚೆನ್ನಾಗಿ ಬರೆದ ಒಂದು ಸುತ್ತೋಲೆ ಸಿಕ್ಕರೆ ಆ ದಿನ ಸಂತೋಷ. ಅದನ್ನು ಅಳೆಯಲು ನನ್ನ ಬಳಿ ಇರುವ ಪರೀಕ್ಷೆ ಒಂದೇ. ಒಬ್ಬರು ಅದನ್ನು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಕೇಳಬೇಕು. ಕೇಳಿದವರು “ಹಂಗಾರ ನಾ ಇಂಥಾ ದಿನ, ಇಂಥಲ್ಲಿ, ಇಂಥಾ ಕಾಗದ ತಗೊಂಡು ಹೋಗಬೇಕು” ಎಂದು ತಿರುಗಿ ಹೇಳಿದರೆ ಅದು ಒಳ್ಳೆಯ ಬರಹ. 2011ರ ಜನಗಣತಿಯಲ್ಲಿ ಕರ್ನಾಟಕದ ಸಾಕ್ಷರತೆ ಶೇ 75.36 ಇತ್ತು. ಉಳಿದವರಿಗೆಲ್ಲ ಕಾಗದ ತಲುಪಿದ್ದು ಕಿವಿಯ ಮೂಲಕವೇ.

ಕಚೇರಿಗಳಲ್ಲಿ ನಿತ್ಯ ಹುಟ್ಟುವಂಥ ಒಂದು ವಾಕ್ಯವನ್ನು ಮಾದರಿಗೆ ಇಲ್ಲಿ ಕಟ್ಟಿ ತೋರಿಸುತ್ತೇನೆ: “ಉಲ್ಲೇಖಿತ ವಿಷಯಕ್ಕೆ ಸಂಬಂಧಿಸಿದಂತೆ, ಸದರಿ ಸ್ವತ್ತಿನ ಮಾಲೀಕರು ಬಾಕಿ ಇರುವ ಕರದ ಮೊತ್ತವನ್ನು ನಿಗದಿತ ಅವಧಿಯೊಳಗಾಗಿ ಪಾವತಿಸತಕ್ಕದ್ದು, ತಪ್ಪಿದಲ್ಲಿ ನಿಯಮಾನುಸಾರ ಸೂಕ್ತ ಕ್ರಮ ಜರುಗಿಸಲಾಗುವುದು.” ವ್ಯಾಕರಣದಲ್ಲಿ ತಪ್ಪಿಲ್ಲ. ಆದರೆ ಎಷ್ಟು ಕಟ್ಟಬೇಕು, ಯಾವ ತಾರೀಖಿನೊಳಗೆ, ಎಲ್ಲಿ, ಕಟ್ಟದಿದ್ದರೆ ಯಾರು ಏನು ಮಾಡುತ್ತಾರೆ? ಮನೆಯ ಯಜಮಾನನಿಗೆ ಬೇಕಾದ ನಾಲ್ಕೂ ಸಂಗತಿಗಳು ಇದರಲ್ಲಿಲ್ಲ. ಇದನ್ನೇ ಹೀಗೆ ಬರೆಯಬಹುದು: “ನಿಮ್ಮ ಮನೆಯ ಕರ 3,200 ರೂಪಾಯಿ ಬಾಕಿ ಇದೆ. ಜೂನ್ 30ರೊಳಗೆ ವಲಯ ಕಚೇರಿಯಲ್ಲಿ ಕಟ್ಟಿರಿ. ಬರುವಾಗ ಹೋದ ವರ್ಷದ ರಸೀದಿ ತನ್ನಿರಿ. ಕಟ್ಟದಿದ್ದರೆ ನಾವು ಇಷ್ಟು ದಂಡ ಸೇರಿಸುತ್ತೇವೆ.” ಹೆಚ್ಚಾದದ್ದು ನಾಲ್ಕೇ ಪದ. ಕಾಯ್ದೆಯ ಕಲಮು, ಆದೇಶದ ಸಂಖ್ಯೆ ಬೇಕಿದ್ದರೆ ಕೆಳಗೆ ಹಾಕಿದರಾಯಿತು, ಅದರ ಬಲವೇನೂ ಕುಗ್ಗುವುದಿಲ್ಲ.

ಕನ್ನಡದ ಕ್ರಿಯಾಪದಕ್ಕೆ ಒಂದು ದೊಡ್ಡ ಗುಣವಿದೆ. ‘ಮಾಡುತ್ತೇವೆ’, ‘ಮಾಡಿರಿ’, ‘ಮಾಡುತ್ತಾರೆ’ ಎಂದಾಗ ಮಾಡುವವರು ಯಾರೆಂಬುದು ಪದದ ತುದಿಯಲ್ಲೇ ಇರುತ್ತದೆ. ‘ಲಾಗುವುದು’, ‘ತಕ್ಕದ್ದು’ ಬಂದ ಕೂಡಲೇ ಆ ಮನುಷ್ಯ ಮಾಯವಾಗುತ್ತಾನೆ. ಮನೆಯಲ್ಲಿ ಯಾರೂ “ಊಟ ಬಡಿಸಲಾಗುವುದು” ಎನ್ನುವುದಿಲ್ಲ. ಹೊಣೆ ಹೊರಲು ಮನಸ್ಸಿಲ್ಲದ ಕಡೆ ಈ ರೂಪಗಳು ಹೆಚ್ಚಾಗುತ್ತವೆ ಎಂಬುದು ಇಷ್ಟು ವರ್ಷ ಇಂಥ ಕಾಗದಗಳನ್ನು ಓದಿದ ಮೇಲೆ ನನಗೆ ಖಚಿತವಾಗಿದೆ.

ಧಾರವಾಡದವರು ಈ ವಿಷಯದಲ್ಲಿ ಉಳಿದವರಿಗಿಂತ ಹೆಚ್ಚು ಎಚ್ಚರವಾಗಿರಬೇಕು, ಏಕೆಂದರೆ ಓದಲಾಗದ ಕಾಗದದ ಸಂಕಟ ಈ ಊರಿಗೆ ಗೊತ್ತು. ಮುಂಬಯಿ ಪ್ರಾಂತದ ಕಾಲದಲ್ಲಿ ಇಲ್ಲಿಯ ದಫ್ತರಗಳಲ್ಲಿ ಮೋಡಿ ಲಿಪಿಯ ಮರಾಠಿ ನಡೆಯುತ್ತಿತ್ತು. ಕನ್ನಡ ರೈತನ ಹೊಲದ ಲೆಕ್ಕ ಅವನಿಗೇ ಓದಲು ಬರುತ್ತಿರಲಿಲ್ಲ. ಡೆಪ್ಯುಟಿ ಚನ್ನಬಸಪ್ಪನವರು ಕನ್ನಡ ಶಾಲೆಗಳಿಗಾಗಿ ಪಟ್ಟ ಪಾಡು, 1890ರ ಜುಲೈ 20ರಂದು ರಾ. ಹ. ದೇಶಪಾಂಡೆಯವರು ಕಟ್ಟಿದ ಕರ್ನಾಟಕ ವಿದ್ಯಾವರ್ಧಕ ಸಂಘ, ಮುಂದೆ ಆಡಳಿತದಲ್ಲಿ ಕನ್ನಡಕ್ಕಾಗಿ ಪಾಟೀಲ ಪುಟ್ಟಪ್ಪನವರು ಹಾಕಿದ ಗದರಿಕೆ, ಎಲ್ಲದರ ಹಿಂದೆ ಇದ್ದದ್ದು ಇದೇ ಸಂಕಟ. 1963ರಲ್ಲಿ ರಾಜಭಾಷಾ ಕಾಯ್ದೆ ಬಂತು, ಕಡತ ಕನ್ನಡವಾಯಿತು. ಕನ್ನಡವಾದ ಕಡತ ಕನ್ನಡಿಗನಿಗೆ ತಿಳಿಯುವಂತೆ ಆಗುವ ಕೆಲಸ ಇನ್ನೂ ಬಾಕಿ ಇದೆ.

ಆ ಕೆಲಸ ಹೇಗಿರಬೇಕೆಂಬುದಕ್ಕೆ ಇದೇ ಊರಿನಲ್ಲಿ ಮಾದರಿಗಳಿವೆ. ನನಗೆ ಅತ್ಯಂತ ಪ್ರಿಯವಾದದ್ದು ಕರ್ನಾಟಕ ವಿಶ್ವವಿದ್ಯಾಲಯದ ಪ್ರಸಾರಾಂಗ ಹೊರತಂದ ಉಪನ್ಯಾಸ ಗ್ರಂಥಮಾಲೆ. ಚೆನ್ನವೀರ ಕಣವಿಯವರು ದೀರ್ಘಕಾಲ ನಿರ್ದೇಶಕರಾಗಿದ್ದ ಪ್ರಸಾರಾಂಗವದು. ಪ್ರಾಧ್ಯಾಪಕರು ಊರೂರಿಗೆ ಹೋಗಿ ವಿಜ್ಞಾನ, ಆರೋಗ್ಯ, ಇತಿಹಾಸ, ಸಾಹಿತ್ಯದ ಬಗ್ಗೆ ಮಾತಾಡಿದರು, ಆ ಮಾತು ಆಮೇಲೆ ಕಿಸೆಯಲ್ಲಿಡುವಷ್ಟು ಸಣ್ಣ ಪುಸ್ತಕವಾಯಿತು. ಎದುರಿಗೆ ಕುಳಿತ ಜನ ಆಕಳಿಸಿದರೆ ಉಪನ್ಯಾಸಕನಿಗೆ ಅಲ್ಲೇ ಗೊತ್ತಾಗುತ್ತದೆ. ಕಠಿಣ ಪದ ಬಿಟ್ಟು ಹತ್ತಿರದ್ದನ್ನು ಹುಡುಕುತ್ತಾನೆ, ಉದ್ದ ವಾಕ್ಯವನ್ನು ಎರಡು ಮಾಡುತ್ತಾನೆ. ಮೊದಲು ಬಾಯಿಗೆ ಬಂದು ಆಮೇಲೆ ಕಾಗದಕ್ಕೆ ಇಳಿದ ಬರಹ ಅದು. ರದ್ದಿ ಅಂಗಡಿಯಲ್ಲಿ ಇವು ಸಿಕ್ಕರೆ ಬಿಡಬೇಡಿ. 1950ರ ಜನವರಿ 8ರಂದು ಆರಂಭವಾದ ಧಾರವಾಡ ಆಕಾಶವಾಣಿಯ ರೈತರ ಕಾರ್ಯಕ್ರಮಗಳದ್ದೂ ಇದೇ ದಾರಿ. ಒಮ್ಮೆ ತಪ್ಪಿದ ವಾಕ್ಯವನ್ನು ಕೇಳುಗ ಹಿಂದೆ ತಿರುಗಿಸಿ ಓದಲಾರ, ಹಾಗಾಗಿ ಬೀಜ ಎಷ್ಟು, ಗೊಬ್ಬರ ಎಷ್ಟು ಎಂಬುದನ್ನು ಬರೆಯುವವರು ಬಿಡಿಸಿ ಹೇಳಲೇಬೇಕು. 1988ರಲ್ಲಿ ಪುತ್ತೂರಿನಲ್ಲಿ ಶುರುವಾದ ‘ಅಡಿಕೆ ಪತ್ರಿಕೆ’ ರೈತರ ಕೈಗೇ ಲೇಖನಿ ಕೊಟ್ಟಿತು. ಕೃಷಿ ಬರವಣಿಗೆಯ ತರಬೇತಿಯನ್ನು ಧಾರವಾಡದ ಕೃಷಿ ಮಾಧ್ಯಮ ಕೇಂದ್ರ ಮುಂದುವರಿಸಿತು.

ಪದಗಳ ವಿಷಯಕ್ಕೂ ಒಂದು ಮಾತು. ಇಲ್ಲಿಯ ರೈತ ‘ಉತಾರ’ ಅನ್ನುತ್ತಾನೆ, ನಮೂನೆ ‘ಪಹಣಿ’ ಅನ್ನುತ್ತದೆ. ಅವನು ‘ವಾರಸಾ’ ಮಾಡಿಸಲು ಬಂದಿರುತ್ತಾನೆ, ಫಲಕದ ಮೇಲೆ ‘ಪೌತಿ ಖಾತೆ’ ಎಂದಿರುತ್ತದೆ. ಎರಡೂ ಪದಗಳನ್ನು ಅಕ್ಕಪಕ್ಕ ಬರೆದರೆ ಯಾರ ಗಂಟೂ ಹೋಗುವುದಿಲ್ಲ.

ಸರ್ಕಾರಿ ಕಾಗದಗಳಲ್ಲೂ ಮೆಚ್ಚತಕ್ಕವು ಇವೆ. ಸಕಾಲ ಯೋಜನೆಯನ್ನು 2012ರ ಮಾರ್ಚ್‌ನಲ್ಲಿ ಮೊದಲು ಪ್ರಯೋಗಿಸಿದ ನಾಲ್ಕು ತಾಲ್ಲೂಕುಗಳಲ್ಲಿ ಧಾರವಾಡವೂ ಒಂದು. ಅರ್ಜಿ ಕೊಟ್ಟವರ ಕೈಗೆ ಬರುವ ಅದರ ಚೀಟಿಯಲ್ಲಿ ಒಂದು ಸಂಖ್ಯೆ, ಕೆಲಸ ಮುಗಿಯಬೇಕಾದ ಒಂದು ತಾರೀಖು ಇರುತ್ತದೆ. ಆ ತಾರೀಖು ಮೀರಿದರೆ ದಿನಕ್ಕೆ 20 ರೂಪಾಯಿಯಂತೆ, ಹೆಚ್ಚೆಂದರೆ 500 ರೂಪಾಯಿ ಪರಿಹಾರ ಕೇಳುವ ಹಕ್ಕು ಕಾಯ್ದೆಯಲ್ಲಿದೆ. ‘ಶೀಘ್ರದಲ್ಲೇ’ ಎಂಬ ಪದದ ಜಾಗದಲ್ಲಿ ಒಂದು ದಿನಾಂಕ ಕೂಡಿಸಿದ್ದರಿಂದ ಎಷ್ಟು ಜನ ಮತ್ತೆ ಮತ್ತೆ ಎಡತಾಕುವುದು ತಪ್ಪಿತೋ!

ಈಗ ಓದಿ ಹೇಳುವ ಕೆಲಸಕ್ಕೆ ಮೊಬೈಲೂ ಬಂದಿದೆ. ಕಣ್ಣು ಕಾಣದವರು ಫೋನಿನಲ್ಲಿ ಟಾಕ್‌ಬ್ಯಾಕ್, ಕಂಪ್ಯೂಟರಿನಲ್ಲಿ ಎನ್‌ವಿಡಿಎ ಹಾಕಿಕೊಂಡು ಕನ್ನಡವನ್ನು ಕೇಳಿ ಓದುತ್ತಾರೆ. ಎನ್‌ವಿಡಿಎ ಉಚಿತ, ಅದನ್ನು ಕಟ್ಟಿದ ಆಸ್ಟ್ರೇಲಿಯಾದ ಇಬ್ಬರೂ ಅಂಧರು. ಆದರೆ ಈ ತಂತ್ರಾಂಶಗಳಿಗೆ ನಾವು ಕೊಡುವ ಕಾಗದ ಎಂಥದ್ದು? ‘ನುಡಿ’, ‘ಬರಹ’ ತಂತ್ರಾಂಶಗಳ ಹಳೆಯ ಅಕ್ಷರಶೈಲಿಯಲ್ಲಿ ಟೈಪು ಮಾಡಿದ ಪತ್ರ ಕಣ್ಣಿಗೆ ಚೆಂದದ ಕನ್ನಡ, ಕಂಪ್ಯೂಟರಿನ ಒಳಗೆ ಮಾತ್ರ ರೋಮನ್ ಅಕ್ಷರ ಮತ್ತು ಚಿಹ್ನೆಗಳ ಸಾಲು. ಓದಿ ಹೇಳುವ ತಂತ್ರಾಂಶ ಅದನ್ನೇ ಅರ್ಥವಿಲ್ಲದಂತೆ ಉಚ್ಚರಿಸುತ್ತದೆ. ಯೂನಿಕೋಡ್ ಎಂಬ ಏಕರೂಪದ ಅಕ್ಷರ ಸಂಕೇತ ಇಲ್ಲದ ಕಾಲದಲ್ಲಿ ಆ ಶೈಲಿಗಳು ಕನ್ನಡಕ್ಕೆ ದೊಡ್ಡ ಉಪಕಾರ ಮಾಡಿದವು, ಇಂದು ಅವುಗಳಲ್ಲಿ ಹೊಸ ಪತ್ರ ಬರೆಯಲು ಕಾರಣವೇ ಇಲ್ಲ. ಸಹಿ, ಮೊಹರು ಹಾಕಿ ಸ್ಕ್ಯಾನ್ ಮಾಡಿ ವಾಟ್ಸಾಪಿಗೆ ಬಿಟ್ಟ ಸುತ್ತೋಲೆ ಬರೀ ಚಿತ್ರ, ಅದಕ್ಕೆ ಬಾಯಿಯೇ ಇಲ್ಲ. ಶೀರ್ಷಿಕೆಯನ್ನು ದಪ್ಪಕ್ಷರ ಮಾಡಿ ಬಿಟ್ಟರೆ ಕೇಳುವವನಿಗೆ ಅದು ಶೀರ್ಷಿಕೆ ಎಂದು ಗೊತ್ತಾಗುವುದಿಲ್ಲ. ವರ್ಡ್‌ನಲ್ಲಿ ‘ಹೆಡಿಂಗ್’ ಎಂದೇ ಗುರುತಿಸಿದರೆ ಒಂದು ಕೀಲಿ ಒತ್ತಿ ಬೇಕಾದ ಭಾಗಕ್ಕೆ ನೆಗೆಯುತ್ತಾನೆ. ಹೆಸರು ತುಂಬಲು ಇಡೀ ಸಾಲು ಚುಕ್ಕೆ ಹಾಕುವ ಅಭ್ಯಾಸ ಬಿಡಿ, ಆ ಚುಕ್ಕೆಗಳೂ ಅವನ ಕಿವಿಗೆ ಅಡ್ಡ ಬರುತ್ತವೆ.

ಇದು ದಯೆಯ ಮಾತಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಸಂವಹನ ಎಂದರೇನು ಎಂದು ವಿವರಿಸುವಾಗ ಬ್ರೈಲ್, ದೊಡ್ಡ ಅಕ್ಷರಗಳ ಜೊತೆಗೆ ಸರಳ ಭಾಷೆಯನ್ನೂ, ಓದಿ ಹೇಳುವ ಮನುಷ್ಯನನ್ನೂ ಹೆಸರಿಸಿದೆ. ಮುದ್ರಣ, ಧ್ವನಿ, ವಿದ್ಯುನ್ಮಾನ ಮಾಧ್ಯಮಗಳಲ್ಲಿ ಬರುವ ವಿಷಯ ಎಲ್ಲರಿಗೂ ಎಟುಕುವಂತೆ ನೋಡಿಕೊಳ್ಳುವುದು ಸರ್ಕಾರದ ಹೊಣೆ ಎನ್ನುತ್ತದೆ ಅದರ 42ನೇ ಕಲಮು.

ಸರ್ಕಾರವನ್ನೇ ಕಾಯಬೇಕಾಗಿಲ್ಲ. ಹುಬ್ಬಳ್ಳಿ-ಧಾರವಾಡದಲ್ಲಿ ಸಹಕಾರಿ ಸಂಘ ನಡೆಸುವವರು, ಶಾಲೆಯ ಮುಖ್ಯಗುರುಗಳು, ಆಸ್ಪತ್ರೆಯವರು, ಓಣಿಯ ಗಣೇಶೋತ್ಸವ ಮಂಡಳಿಯವರು ಈ ಅಂಕಣ ಓದುತ್ತಿದ್ದೀರಿ. ನಿಮ್ಮ ಮುಂದಿನ ಸೂಚನಾಪತ್ರವನ್ನು ಯೂನಿಕೋಡಿನಲ್ಲಿ ಬರೆಯಿರಿ. ಏನು ಮಾಡಬೇಕೆಂಬುದನ್ನು ಮೊದಲ ಸಾಲಿನಲ್ಲಿಡಿ. ಹಚ್ಚುವ ಮೊದಲು ಅದನ್ನು ವಿಷಯ ಗೊತ್ತಿಲ್ಲದ ಒಬ್ಬರಿಗೆ ಓದಿ ಹೇಳಿ, ಅವರು ತಿರುಗಿ ಏನು ಹೇಳುತ್ತಾರೆಂದು ಕೇಳಿಸಿಕೊಳ್ಳಿ. ಅವರು ತಪ್ಪು ಹೇಳಿದರೆ ಪತ್ರವನ್ನು ತಿದ್ದಿ.